ಅಂಗಾಲಿನ ನಕ್ಷೆಯೂ ಅರೆತಲೆಯ ನೋವೂ

ಹೂಮಳೆ ಬಿದ್ದು ಎಂಟು ಹತ್ತು ದಿನಗಳಾದರೆ ಸೋಮವಾರಪೇಟೆಯ ಸುತ್ತಣ ಕಾಫಿ ತೋಟಗಳು ಒಮ್ಮೆಗೇ ಬೆಳ್ಳಗಾಗುತ್ತವೆ. ಮಲ್ಲಿಗೆಯನ್ನು ನೆನಪಿಗೆ ತರುವ ಆ ಪರಿಮಳವು ದಾರಿಹೋಕನಿಗೆ ಹಬ್ಬವೇ ಸರಿ. ಆದರೆ ಅದೇ ಊರಿನ ಯಾವುದೋ ಮನೆಯಲ್ಲಿ, ಅದೇ ಹೊತ್ತಿನಲ್ಲಿ, ಕಿಟಕಿಗಳನ್ನೆಲ್ಲ ಮುಚ್ಚಿ, ಸೆರಗನ್ನು ಹಣೆಗೆ ಬಿಗಿದುಕೊಂಡು, ಗೋಡೆಯ ಕಡೆಗೆ ಮುಖಮಾಡಿ ಮಲಗಿರುವ ಹೆಣ್ಣುಮಗಳಿಗೆ ಆ ಪರಿಮಳವೂ ಬೇಡ, ಬೆಳಕೂ ಬೇಡ, ಅಡುಗೆಮನೆಯ ಪಾತ್ರೆಯ ಸದ್ದೂ ಬೇಡ. ತಲೆಯ ಒಂದು ಪಾರ್ಶ್ವದಲ್ಲಿ ಸುತ್ತಿಗೆಯಿಂದ ಹೊಡೆದಂತೆ ನೋವು ಮಿಡಿಯುತ್ತಿದೆ, ಹೊಟ್ಟೆ ತೊಳಸುತ್ತಿದೆ. ಅಂದಿನ ತೋಟದ ಕೂಲಿ ಹೋಯಿತು. ಮನೆಯ ಕೆಲಸ ಮಾತ್ರ ಹೋಗಲಿಲ್ಲ, ಸಂಜೆಗೆ ಕಾದಿದೆ.

ಮನೆಯಲ್ಲಿ ಅಜ್ಜಿಯೊಬ್ಬರಿದ್ದರೆ ಅವರು ಮಾಡುವ ಮೊದಲ ಕೆಲಸವೆಂದರೆ ಬಟ್ಟಲಲ್ಲಿ ಹರಳೆಣ್ಣೆಯನ್ನು ತಂದು ಕಾಲ ಬಳಿ ಕುಳಿತುಕೊಳ್ಳುವುದು. ‘ಅಂಗಾಲಿಗೆ ಎಣ್ಣೆ ತಿಕ್ಕಿದರೆ ತಲೆಯ ಉಷ್ಣ ಇಳಿಯುತ್ತದೆ’ ಎಂಬುದು ಅವರ ನಂಬಿಕೆ. ಇತ್ತ ಮಡಿಕೇರಿ, ಮೈಸೂರು, ಬೆಂಗಳೂರುಗಳಲ್ಲಿ ಇದೇ ಮಾತು ಹೊಸ ಉಡುಪನ್ನು ತೊಟ್ಟು ನಿಂತಿದೆ. ಪಾದದ ಚಿತ್ರವೊಂದನ್ನು ಬರೆದು, ಹೆಬ್ಬೆರಳಿನಲ್ಲಿ ತಲೆ, ನಡುವೆ ಹೊಟ್ಟೆ, ಹಿಮ್ಮಡಿಯಲ್ಲಿ ಸೊಂಟ ಎಂದು ಗುರುತು ಹಾಕಿ, ‘ರಿಫ್ಲೆಕ್ಸಾಲಜಿ’ ಎಂಬ ಹೆಸರಿನಲ್ಲಿ ಚಿಕಿತ್ಸೆ ಕೊಡುವ ಕೇಂದ್ರಗಳಿವೆ. ಅರೆತಲೆನೋವು ಇವರು ಗುಣಪಡಿಸುವೆವೆಂದು ಹೇಳುವ ಬೇನೆಗಳಲ್ಲಿ ಒಂದು.

ಅಜ್ಜಿಯ ಎಣ್ಣೆಗೂ ಪೇಟೆಯ ನಕ್ಷೆಗೂ ಏನಾದರೂ ಆಧಾರವುಂಟೆ? ಕಾಲನ್ನು ಒತ್ತಿದರೆ ತಲೆಯ ನೋವು ಹೋಗುವುದೆ? ಹೋಗುವುದಾದರೆ ಹೇಗೆ? ಈ ಪ್ರಶ್ನೆಯನ್ನು ನಗೆಯಾಡಿ ತಳ್ಳಿಬಿಡುವುದೂ, ಕಣ್ಣುಮುಚ್ಚಿ ನಂಬಿಬಿಡುವುದೂ ಸುಲಭ. ಎರಡನ್ನೂ ಬಿಟ್ಟು ನಾವು ಇಲ್ಲಿ ಸ್ವಲ್ಪ ವಿಚಾರಮಾಡೋಣ.

ಬರಿಯ ತಲೆನೋವಲ್ಲ

ಅರೆತಲೆನೋವು ಹೊಸ ಕಾಯಿಲೆಯಲ್ಲ. ನಮ್ಮ ಆಯುರ್ವೇದ ಗ್ರಂಥಗಳು ಇದನ್ನು ‘ಅರ್ಧಾವಭೇದಕ’ವೆಂದು ಕರೆದಿವೆ, ಗ್ರೀಕರೂ ‘ಅರ್ಧ ಕಪಾಲ’ ಎಂಬರ್ಥದ ಹೆಸರನ್ನೇ ಇಟ್ಟರು, ಅದೇ ಸವೆದು ಸವೆದು ‘ಮೈಗ್ರೇನ್’ ಆಯಿತು. ನೋವು ಯಾವಾಗಲೂ ಒಂದೇ ಪಾರ್ಶ್ವದಲ್ಲಿರಬೇಕೆಂಬ ನಿಯಮವೇನೂ ಇಲ್ಲ. ಚಿಕಿತ್ಸೆ ಮಾಡದೆ ಬಿಟ್ಟರೆ ಒಂದು ಸರದಿಯ ನೋವು 4 ಗಂಟೆಗಳಿಂದ 72 ಗಂಟೆಗಳವರೆಗೆ ಇರಬಹುದು. ನಡೆದಾಡಿದರೆ, ಮೆಟ್ಟಿಲು ಹತ್ತಿದರೆ ಅದು ಹೆಚ್ಚುತ್ತದೆ. ಕೆಲವರಿಗೆ ನೋವಿಗೆ ಮುಂಚೆ ಕಣ್ಣಮುಂದೆ ಮಿಂಚಿನ ಗೆರೆಗಳು ಅಂಕುಡೊಂಕಾಗಿ ಹರಿಯುತ್ತವೆ. ನೋಟದ ಒಂದು ಭಾಗವೇ ಮಾಸಿಹೋಗುವುದೂ ಉಂಟು. ಇದನ್ನು ವೈದ್ಯರು ‘ಔರಾ’ ಎನ್ನುತ್ತಾರೆ. ನಾವು ಮುನ್ಸೂಚನೆ ಎನ್ನಬಹುದು.

ಇದೆಲ್ಲ ತಲೆಯ ರಕ್ತನಾಳಗಳು ಹಿಗ್ಗುವುದರಿಂದ ಮಾತ್ರವೇ ಆಗುವುದೆಂದು ಇಪ್ಪತ್ತನೆಯ ಶತಮಾನದಲ್ಲಿ ಬಹುಕಾಲ ನಂಬಿದ್ದರು. ಈಗ ತಿಳಿದಿರುವುದು ಇದಕ್ಕಿಂತ ಆಳವಾದುದು. 1944ರಲ್ಲಿ ಬ್ರೆಜಿಲಿನ ಅರಿಸ್ಟೈಡೀಸ್ ಲೆಯಾವೊ ಎಂಬ ವಿಜ್ಞಾನಿಯು ಮೊಲದ ಮಿದುಳಿನ ಮೇಲ್ಪದರದಲ್ಲಿ ವಿದ್ಯುತ್ ಚಟುವಟಿಕೆಯು ಅಡಗಿಹೋಗುವ ಅಲೆಯೊಂದು ನಿಧಾನವಾಗಿ ಹರಡುವುದನ್ನು ಕಂಡನು. ಮನುಷ್ಯನಲ್ಲಿ ಇಂಥ ಅಲೆಯೇ ಕಣ್ಣಮುಂದಿನ ಆ ಮಿಂಚಿನ ಗೆರೆಗಳಿಗೆ ಕಾರಣವೆಂದು ಈಗ ಬಲವಾಗಿ ನಂಬಲಾಗಿದೆ. ನೋವಿಗೆ ದಾರಿಯಾಗುವುದು ಐದನೆಯ ಕಪಾಲ ನರ. ಮೂರು ಕವಲಾಗಿ ಒಡೆದು ಹಣೆ, ಕೆನ್ನೆ, ದವಡೆಗಳಿಗೆ ಹರಡುವ ಈ ನರದ ಎಳೆಗಳು ಮಿದುಳಿನ ಹೊದಿಕೆಗೂ ಅಲ್ಲಿನ ರಕ್ತನಾಳಗಳಿಗೂ ಹೋಗುತ್ತವೆ. ಅವು ಕೆರಳಿದಾಗ ಸಿ.ಜಿ.ಆರ್.ಪಿ. ಎಂಬ ಸಣ್ಣ ಪ್ರೋಟೀನನ್ನು ಸುರಿಸುತ್ತವೆ. ರಕ್ತನಾಳಗಳು ಹಿಗ್ಗುತ್ತವೆ, ನೋವಿನ ಸುದ್ದಿ ಮಿದುಳಿನ ಕಾಂಡಕ್ಕೆ ಮುಟ್ಟುತ್ತದೆ. ಈ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ ನಾಲ್ವರಿಗೆ, ಎಂದರೆ ಎಡ್ವಿನ್‌ಸನ್, ಗೋಡ್ಸ್‌ಬಿ, ಮಾಸ್ಕೊವಿಟ್ಜ್, ಓಲೆಸೆನ್ ಅವರಿಗೆ, 2021ರ ‘ಬ್ರೇನ್ ಪ್ರೈಜ್’ ದೊರೆಯಿತು.

ಆದುದರಿಂದ ಅರೆತಲೆನೋವು ಸೋಮಾರಿತನದ ನೆಪವಲ್ಲ, ಮನಸ್ಸಿನ ಕಲ್ಪನೆಯಲ್ಲ, ‘ಪಿತ್ತ ಏರಿದ್ದು’ ಮಾತ್ರವೂ ಅಲ್ಲ. ಹುಟ್ಟಿನಿಂದಲೇ ಸ್ವಲ್ಪ ಸೂಕ್ಷ್ಮವಾದ ಮಿದುಳು, ನಿದ್ದೆಗೆಟ್ಟಾಗ, ಹೊತ್ತು ಮೀರಿ ಹಸಿದಾಗ, ಬಿಸಿಲಿನ ಝಳ ಕಣ್ಣಿಗೆ ಹೊಡೆದಾಗ, ಕಳವಳ ಹೆಚ್ಚಿದಾಗ, ಕೆಲವೊಮ್ಮೆ ಕಳವಳ ಕಳೆದು ಬಿಡುವು ಸಿಕ್ಕಿದಾಗಲೂ ಹೀಗೆ ಕೆರಳುವುದು.

ಹೆಂಗಸರಿಗೇ ಏಕೆ ಹೆಚ್ಚು?

ನಮ್ಮ ರಾಜ್ಯದಲ್ಲಿ ಈ ಬೇನೆ ಎಷ್ಟರಮಟ್ಟಿಗೆ ಹರಡಿದೆಯೆಂಬುದನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಬೆಂಗಳೂರು ನಗರದಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಮನೆಮನೆಗೆ ಹೋಗಿ ವಿಚಾರಿಸಿದರು. 2015ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ 18ರಿಂದ 65 ವರ್ಷದೊಳಗಿನ 2,329 ಜನರ ಲೆಕ್ಕವಿದೆ. ಹಿಂದಿನ ಒಂದು ವರ್ಷದಲ್ಲಿ ಯಾವುದಾದರೊಂದು ತಲೆನೋವನ್ನು ಅನುಭವಿಸಿದವರು ನೂರಕ್ಕೆ 64 ಮಂದಿ. ಅರೆತಲೆನೋವನ್ನು ಅನುಭವಿಸಿದವರು ನೂರಕ್ಕೆ 25 ಮಂದಿ. ಪಟ್ಟಣಿಗರಿಗಿಂತ ಹಳ್ಳಿಗರಲ್ಲಿಯೂ ಗಂಡಸರಿಗಿಂತ ಹೆಂಗಸರಲ್ಲಿಯೂ ಅದು ಹೆಚ್ಚಾಗಿತ್ತು. ‘ಇದು ಪಟ್ಟಣದವರ ಕಾಯಿಲೆ’ ಎಂಬ ಸಾಮಾನ್ಯ ಭಾವನೆಯನ್ನು ಈ ಲೆಕ್ಕವು ಅಳಿಸಿಹಾಕುತ್ತದೆ.

ಮೈನೆರೆಯುವುದಕ್ಕೆ ಮುಂಚೆ ಹುಡುಗ ಹುಡುಗಿಯರಲ್ಲಿ ಈ ವ್ಯತ್ಯಾಸ ಅಷ್ಟಾಗಿ ಇರುವುದಿಲ್ಲ. ಅನಂತರ ಹೆಣ್ಣುಮಕ್ಕಳಲ್ಲಿ ಅದು ಗಂಡಸರ ಎರಡು ಮೂರು ಪಟ್ಟಾಗುತ್ತದೆ. ಇದಕ್ಕೆ ಮುಖ್ಯ ಕಾರಣ ಈಸ್ಟ್ರೊಜೆನ್ ಎಂಬ ಹಾರ್ಮೋನಿನ ಏರಿಳಿತ. ಮುಟ್ಟು ಹತ್ತಿರವಾದಾಗ ರಕ್ತದಲ್ಲಿ ಅದರ ಮಟ್ಟ ಥಟ್ಟನೆ ಇಳಿಯುತ್ತದೆ. ಸೂಕ್ಷ್ಮವಾದ ಮಿದುಳಿಗೆ ಈ ಇಳಿತವೇ ಕೆರಳಿಕೆಯಾಗುತ್ತದೆ. ಮುಟ್ಟಿಗೆ ಎರಡು ದಿನ ಮುಂಚಿನಿಂದ ಮುಟ್ಟಿನ ಮೂರನೆಯ ದಿನದವರೆಗೆ ಬರುವ ನೋವು ಅನೇಕರಲ್ಲಿ ಬಲವಾಗಿಯೂ ದೀರ್ಘವಾಗಿಯೂ ಇರುವುದು. ಗರ್ಭಿಣಿಯಾದಾಗ, ಮೊದಲ ಮೂರು ತಿಂಗಳು ಕಳೆದ ಮೇಲೆ, ಬಹುಮಂದಿಗೆ ನೋವು ತಗ್ಗುತ್ತದೆ. ಹೆರಿಗೆಯಾದ ಬಳಿಕ ಮತ್ತೆ ತಲೆದೋರುತ್ತದೆ. ಮುಟ್ಟು ನಿಲ್ಲುವ ಕಾಲದಲ್ಲಿ ಕೆಲವು ವರ್ಷ ಕಾಡಿ, ನಿಂತ ಮೇಲೆ ಅನೇಕರನ್ನು ಬಿಟ್ಟುಹೋಗುತ್ತದೆ.

ಎಂದರೆ, ಹದಿನೈದರಿಂದ ಐವತ್ತರವರೆಗೆ, ಮನೆಯ ಹೊರೆಯೂ ದುಡಿಮೆಯ ಹೊರೆಯೂ ಹೆಗಲ ಮೇಲಿರುವ ವಯಸ್ಸಿನಲ್ಲಿಯೇ ಈ ಬೇನೆಯ ಕಾಟ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟಕ್ಕೆ ಹೋಗುವ ಹೆಂಗಸು ಬೆಳಗಿನ ಜಾವ ಎದ್ದು, ಎಲ್ಲರಿಗೂ ಬಡಿಸಿ, ತಾನು ಅರೆಹೊಟ್ಟೆಯಲ್ಲಿ ಹೊರಟು, ಬಿಸಿಲಲ್ಲಿ ದಿನವೆಲ್ಲ ನಿಲ್ಲುತ್ತಾಳೆ. ನಾವು ಮೇಲೆ ಹೇಳಿದ ಕೆರಳಿಸುವ ಕಾರಣಗಳೆಲ್ಲವೂ ಒಂದೇ ದಿನದಲ್ಲಿ ಅಲ್ಲಿ ಕೂಡಿಬಂದಿರುತ್ತವೆ.

ನಕ್ಷೆಯು ಬಂದ ಬಗೆ

ಪಾದಕ್ಕೆ ಎಣ್ಣೆ ತಿಕ್ಕುವುದು ನಮ್ಮಲ್ಲಿ ಬಹು ಹಳೆಯ ರೂಢಿ. ವಾಗ್ಭಟನ ‘ಅಷ್ಟಾಂಗಹೃದಯ’ವು ದಿನಚರಿಯ ವಿಚಾರವನ್ನು ಹೇಳುವಾಗ ಅಭ್ಯಂಗವನ್ನು ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಮಾಡಬೇಕೆಂದು ವಿಧಿಸುತ್ತದೆ. ಆದರೆ ಪೇಟೆಯ ಫಲಕದಲ್ಲಿ ಕಾಣುವ ಪಾದದ ನಕ್ಷೆಯು ಅಲ್ಲಿಂದ ಬಂದುದಲ್ಲ. ಅದು ಅಮೆರಿಕದಿಂದ ಬಂದುದು. ಅದಕ್ಕೆ ಇನ್ನೂ ನೂರು ವರ್ಷ ತುಂಬಿಲ್ಲ.

ಕನೆಕ್ಟಿಕಟ್ ಸಂಸ್ಥಾನದಲ್ಲಿ ವಿಲಿಯಂ ಫಿಟ್ಜ್‌ಜೆರಾಲ್ಡ್ ಎಂಬ ಕಿವಿ ಮೂಗು ಗಂಟಲಿನ ವೈದ್ಯನಿದ್ದನು. ಕೈಬೆರಳಿನ ಯಾವುದೋ ಜಾಗವನ್ನು ಬಿಗಿಯಾಗಿ ಒತ್ತಿದರೆ ಮೂಗಿನಲ್ಲೊ ಗಂಟಲಿನಲ್ಲೊ ನೋವು ಕಡಿಮೆಯಾಗುವುದೆಂದು ಅವನಿಗೆ ತೋರಿತು. ಇದರ ಮೇಲೆ ಅವನು, ದೇಹವನ್ನು ಅಡಿಯಿಂದ ಮುಡಿಯವರೆಗೆ ಉದ್ದುದ್ದನಾಗಿ ಹತ್ತು ಪಟ್ಟಿಗಳಾಗಿ ಸೀಳಬಹುದೆಂದೂ, ಒಂದು ಪಟ್ಟಿಯ ಯಾವ ಭಾಗವನ್ನು ಒತ್ತಿದರೂ ಅದೇ ಪಟ್ಟಿಯ ಬೇರೆ ಭಾಗಕ್ಕೆ ಫಲ ಮುಟ್ಟುವುದೆಂದೂ ಒಂದು ವಾದವನ್ನು ಕಟ್ಟಿದನು. 1917ರಲ್ಲಿ ಎಡ್ವಿನ್ ಬವರ್ಸ್ ಎಂಬವನೊಡನೆ ಸೇರಿ ಇದನ್ನು ಪುಸ್ತಕವಾಗಿ ಪ್ರಕಟಿಸಿದನು. ಬೆರಳಿಗೆ ರಬ್ಬರ್ ಪಟ್ಟಿ ಬಿಗಿಯುವುದು, ಬಾಚಣಿಗೆಯ ಹಲ್ಲಿನಿಂದ ಅಂಗೈಯನ್ನು ಒತ್ತುವುದು, ಇವೆಲ್ಲ ಅವನ ಉಪಾಯಗಳು. 1930ರ ದಶಕದಲ್ಲಿ ಯೂನಿಸ್ ಇಂಗ್‌ಹ್ಯಾಂ ಎಂಬ ಅಂಗಮರ್ದನ ಚಿಕಿತ್ಸಕಿಯು ಈ ಪಟ್ಟಿಗಳನ್ನೆಲ್ಲ ಪಾದದ ಮೇಲೆ ಇಳಿಸಿ, ಒಂದೊಂದು ಅಂಗಕ್ಕೂ ಒಂದೊಂದು ಬಿಂದುವನ್ನು ಗೊತ್ತುಮಾಡಿದಳು. 1938ರಲ್ಲಿ ಹೊರಬಂದ ಅವಳ ಪುಸ್ತಕದಿಂದಲೇ ಇಂದಿನ ನಕ್ಷೆಗಳು ಹುಟ್ಟಿವೆ.

ನಕ್ಷೆ ನಿಜವೆ?

ಪಾದವನ್ನು ಸೀಳಿ ನೋಡಿದ ಅಂಗರಚನಾಶಾಸ್ತ್ರವು ಈ ವಿಚಾರದಲ್ಲಿ ಏನು ಹೇಳುತ್ತದೆ? ಅಂಗಾಲಿನ ಸ್ಪರ್ಶವನ್ನು ಹೊತ್ತ ನರಗಳು ಹಿಮ್ಮಡಿಯ ಪಕ್ಕದಿಂದ ಮೇಲೇರಿ, ಮೀನಖಂಡ ತೊಡೆಗಳನ್ನು ದಾಟಿ, ಸೊಂಟದ ಬಳಿ ಬೆನ್ನುಹುರಿಯನ್ನು ಸೇರುತ್ತವೆ. ಅಲ್ಲಿಂದ ಸುದ್ದಿಯು ಮಿದುಳಿಗೆ ಹೋಗುತ್ತದೆ. ಅರೆತಲೆನೋವಿನ ನರವಾದರೋ ತಲೆಯಲ್ಲಿಯೇ ಹುಟ್ಟಿ ಮಿದುಳಿನ ಕಾಂಡವನ್ನೂ ಕತ್ತಿನ ಮೇಲ್ಭಾಗದ ಬೆನ್ನುಹುರಿಯನ್ನೂ ಮುಟ್ಟುತ್ತದೆ. ಅದಕ್ಕೇ ಈ ರೋಗಿಗಳಿಗೆ ಕತ್ತು ಕೂಡ ಬಿಗಿಯುವುದು. ಹೆಬ್ಬೆರಳಿನಿಂದ ತಲೆಗೆ ನೇರವಾಗಿ ಹೋಗುವ ಪ್ರತ್ಯೇಕವಾದ ತಂತಿಯೊಂದು ಎಲ್ಲಿಯೂ ಕಂಡುಬಂದಿಲ್ಲ.

ಆದರೆ ನಿಜವಾದ ನಕ್ಷೆಯೊಂದು ಉಂಟು. ಮಿದುಳಿನ ಮೇಲ್ಪದರದಲ್ಲಿ ಸ್ಪರ್ಶವನ್ನು ಅರಿಯುವ ಒಂದು ಪಟ್ಟಿಯಿದೆ. ಅದರಲ್ಲಿ ಮುಖಕ್ಕೆ, ತುಟಿಗೆ, ಕೈಗೆ, ಕಾಲಿಗೆ ಬೇರೆ ಬೇರೆ ಜಾಗಗಳಿವೆ. ಪಾದದ ಜಾಗವು ಮಿದುಳಿನ ಎರಡು ಅರ್ಧಗಳ ನಡುವಣ ಸೀಳಿನಲ್ಲಿದೆ. ಪಾದದ ನಕ್ಷೆ ಮಿದುಳಿನಲ್ಲಿ ಉಂಟು. ಮಿದುಳಿನ ನಕ್ಷೆ ಪಾದದಲ್ಲಿಲ್ಲ. ರಿಫ್ಲೆಕ್ಸಾಲಜಿಯವರು ಬರೆದ ಚಿತ್ರವು ಇದನ್ನು ತಿರುವುಮುರುವು ಮಾಡಿದಂತೆ ಇದೆ. ಒಬ್ಬರ ನಕ್ಷೆಗೂ ಇನ್ನೊಬ್ಬರ ನಕ್ಷೆಗೂ ಹೊಂದಿಕೆಯಾಗದಿರುವುದೂ ಉಂಟು.

ಪಾದವನ್ನು ಮುಟ್ಟಿಯೇ ರೋಗವನ್ನು ತಿಳಿಯಬಹುದೆಂಬ ಮಾತನ್ನೂ ಪರೀಕ್ಷಿಸಿದ್ದಾರೆ. ಇಂಗ್ಲೆಂಡಿನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಗೊತ್ತಾದ ಆರು ಕಾಯಿಲೆಗಳಲ್ಲಿ ಒಂದೋ ಹೆಚ್ಚೋ ಇದ್ದ 18 ಜನರ ಪಾದಗಳನ್ನು ಇಬ್ಬರು ರಿಫ್ಲೆಕ್ಸಾಲಜಿ ತಜ್ಞರಿಗೆ ತೋರಿಸಿದರು. ರೋಗಿಗಳ ವಿಷಯವನ್ನು ಅವರಿಗೆ ತಿಳಿಸಲಿಲ್ಲ. ಅವರು ಹೇಳಿದ್ದು ಊಹೆಗಿಂತ ಮೇಲಾಗಲಿಲ್ಲ. ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ಹೊಂದಾಣಿಕೆಯೂ ಇರಲಿಲ್ಲ.

ನಕ್ಷೆ ತಪ್ಪಾದರೂ ಚಿಕಿತ್ಸೆ ಫಲಿಸಬಾರದೆಂದೇನೂ ಇಲ್ಲವಷ್ಟೆ. ಆದುದರಿಂದ ಫಲದ ವಿಚಾರವನ್ನು ಬೇರೆಯಾಗಿಯೇ ನೋಡಬೇಕು. ಡೆನ್ಮಾರ್ಕಿನಲ್ಲಿ 220 ಮಂದಿ ತಲೆನೋವಿನ ರೋಗಿಗಳಿಗೆ ಪಾದದ ಚಿಕಿತ್ಸೆ ಮಾಡಿ, ಮುಗಿದ ಮೂರು ತಿಂಗಳ ಮೇಲೆ ವಿಚಾರಿಸಿದಾಗ, ನೂರಕ್ಕೆ 81 ಮಂದಿ ತಮಗೆ ಸಹಾಯವಾಯಿತೆಂದೋ ಗುಣವೇ ಆಯಿತೆಂದೋ ಹೇಳಿದರು. 1999ರಲ್ಲಿ ಪ್ರಕಟವಾದ ಈ ಅಂಕಿಯನ್ನು ಕಂಡು ಯಾರಿಗಾದರೂ ಉತ್ಸಾಹ ಬರುವುದು ಸಹಜ. ಆದರೆ ಚಿಕಿತ್ಸೆ ಪಡೆಯದ ಇನ್ನೊಂದು ಗುಂಪನ್ನು ಅಲ್ಲಿ ಹೋಲಿಕೆಗೆ ಇಟ್ಟುಕೊಂಡಿರಲಿಲ್ಲ. ಹೋಲಿಕೆ ಏಕೆ ಬೇಕು? ಆಷಾಢದ ಮಳೆಗೆ ಹೊಳೆ ಉಕ್ಕಿದ ದಿನ ನಾವು ದಡದಲ್ಲಿ ಒಂದು ಕಲ್ಲನ್ನು ನೆಟ್ಟೆವೆಂದುಕೊಳ್ಳೋಣ. ನಾಲ್ಕು ದಿನಗಳಲ್ಲಿ ನೀರು ಇಳಿಯುತ್ತದೆ. ಇಳಿಸಿದುದು ಕಲ್ಲೆ? ಅರೆತಲೆನೋವೂ ಹೊಳೆಯಂತೆ ಏರಿ ಇಳಿಯುವ ಬೇನೆ. ಜನರು ಚಿಕಿತ್ಸೆಯನ್ನು ಹುಡುಕಿಕೊಂಡು ಹೋಗುವುದು ಅದು ಉಕ್ಕಿದಾಗಲೇ. ಮುಂದೆ ಅದು ಇಳಿದರೆ ಕೀರ್ತಿಯು ಅಂದಿನ ಚಿಕಿತ್ಸೆಗೆ ಸಲ್ಲುತ್ತದೆ.

ಹೋಲಿಕೆಯ ಗುಂಪನ್ನಿಟ್ಟು ಮಾಡಿದ 18 ಪ್ರಯೋಗಗಳನ್ನು ಎಡ್ಜರ್ಡ್ ಅರ್ನ್ಸ್ಟ್ ಎಂಬ ವಿದ್ವಾಂಸರು 2009ರಲ್ಲಿ ಒಟ್ಟಿಗೆ ತೂಗಿ ನೋಡಿದರು. ಯಾವುದೇ ಕಾಯಿಲೆಗೂ ರಿಫ್ಲೆಕ್ಸಾಲಜಿಯು ನಿಶ್ಚಿತವಾದ ಚಿಕಿತ್ಸೆಯೆಂದು ಮನವರಿಕೆಯಾಗುವಷ್ಟು ಆಧಾರವಿಲ್ಲವೆಂದು ಅವರ ತೀರ್ಮಾನ. ಅನಂತರವೂ ಮೈಗ್ರೇನಿರುವವರ ಮೇಲೆ ಸಣ್ಣ ಸಣ್ಣ ಪ್ರಯೋಗಗಳು ನಡೆದು, ಪಾದವನ್ನು ಒತ್ತಿಸಿಕೊಂಡವರಿಗೆ ನೋವು ಕಡಿಮೆಯಾಯಿತೆಂದು ವರದಿಯಾಗಿದೆ. ಆದರೆ ಇಂಥ ಪ್ರಯೋಗಗಳಲ್ಲಿ ಒಂದು ತೊಡಕುಂಟು. ಮಾತ್ರೆಯಾದರೆ ಅದರಂತೆಯೇ ಕಾಣುವ ಸಕ್ಕರೆ ಗುಳಿಗೆಯನ್ನು ಕೊಟ್ಟು ಹೋಲಿಸಬಹುದು. ಕಾಲನ್ನು ಒತ್ತಿದಂತೆಯೂ ಇರಬೇಕು, ಒತ್ತದಂತೆಯೂ ಇರಬೇಕೆಂದರೆ ಅದು ಸಾಧ್ಯವೆ?

ಹಾಗಾದರೆ ಹಿತವೆನಿಸುವುದೇಕೆ?

ಇಷ್ಟಾದರೂ ಅಜ್ಜಿಯ ಕೈ ಕಾಲಿನ ಮೇಲೆ ಆಡಿದಾಗ ನೋವು ತುಸು ಹಗುರಾಯಿತೆಂದು ಹೇಳುವ ಹೆಣ್ಣುಮಗಳು ಸುಳ್ಳು ಹೇಳುತ್ತಿಲ್ಲ. ಅವಳಿಗಾದ ಹಿತವು ನಿಜ. ಅದಕ್ಕೆ ಕೊಟ್ಟ ಕಾರಣ ಮಾತ್ರ ತಪ್ಪು.

ಮೊದಲನೆಯದಾಗಿ, ಸ್ಪರ್ಶವು ನೋವನ್ನು ತಗ್ಗಿಸಬಲ್ಲುದು. ಮೊಣಕೈ ಬಾಗಿಲಿಗೆ ಬಡಿದರೆ ನಾವು ಯೋಚಿಸದೆಯೇ ಅಲ್ಲಿ ಉಜ್ಜಿಕೊಳ್ಳುತ್ತೇವೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಇದಕ್ಕೆ ವಿವರಣೆಯನ್ನು ಕೊಟ್ಟರು: ಬೆನ್ನುಹುರಿಯಲ್ಲಿ ಸುದ್ದಿಗಳನ್ನು ಬಿಡುವ, ತಡೆಯುವ ಹೆಬ್ಬಾಗಿಲಿನಂಥ ಏರ್ಪಾಡು ಇದೆ, ಸ್ಪರ್ಶದ ಸುದ್ದಿ ನುಗ್ಗಿಬಂದಾಗ ನೋವಿನ ಸುದ್ದಿಗೆ ಬಾಗಿಲು ಕಿರಿದಾಗುತ್ತದೆ. ಈ ಬಾಗಿಲಿಗೆ ಮಿದುಳಿನಿಂದಲೂ ಆಜ್ಞೆಗಳು ಬರುತ್ತವೆ. ಮನಸ್ಸು ಶಾಂತವಾದರೆ ಬಾಗಿಲು ಇನ್ನಷ್ಟು ಮುಚ್ಚುವುದು. ಕಾಲು ಮತ್ತು ತಲೆ ದೂರವಾಗಿರುವುದರಿಂದ ಇಲ್ಲಿ ಈ ಎರಡನೆಯ ಬಗೆಯೇ ಮುಖ್ಯವೆಂದು ತೋರುತ್ತದೆ.

ಎರಡನೆಯದಾಗಿ, ನೋವು ಏರಿದಾಗ ಅನೇಕರಿಗೆ ತಲೆಯ ಚರ್ಮವೇ ಮುಟ್ಟಿಸಿಕೊಳ್ಳದು. ಬಾಚಣಿಗೆ ತಾಕಿದರೂ, ಜಡೆ ಬಿಗಿದರೂ, ದಿಂಬಿಗೆ ಒರಗಿದರೂ ನೋವು. ತಲೆಯನ್ನು ಮುಟ್ಟಲಾಗದ ಹೊತ್ತಿನಲ್ಲಿ, ಕಣ್ಣಿಗೆ ಬೆಳಕು ಬೀಳದಂತೆ ಮಲಗಿದ್ದವಳನ್ನು ಎಬ್ಬಿಸದೆ, ಮಾತನಾಡಿಸದೆ ಮುಟ್ಟಬಹುದಾದ ಜಾಗ ಪಾದ. ನಮ್ಮ ಹಿರಿಯರು ಪಾದವನ್ನು ಆರಿಸಿಕೊಂಡುದರಲ್ಲಿ ಈ ಸೂಕ್ಷ್ಮವಿದ್ದಿರಬಹುದೆಂದು ನಮಗನಿಸುತ್ತದೆ.

ಮೂರನೆಯದು ನಂಬಿಕೆ. ಅಮೆರಿಕದಲ್ಲಿ 66 ಮಂದಿ ಮೈಗ್ರೇನ್ ರೋಗಿಗಳ ಮೇಲೆ ಮಾಡಿದ, 2014ರಲ್ಲಿ ಪ್ರಕಟವಾದ ಪ್ರಯೋಗವೊಂದು ಈ ವಿಚಾರದಲ್ಲಿ ಕಣ್ತೆರೆಸುವಂಥದು. ನಿಜವಾದ ಔಷಧವನ್ನೂ ಹುಸಿ ಗುಳಿಗೆಯನ್ನೂ ಬೇರೆ ಬೇರೆ ಲಕೋಟೆಗಳಲ್ಲಿಟ್ಟು, ಕೆಲವುದರ ಮೇಲೆ ‘ಔಷಧ’ವೆಂದೂ ಕೆಲವುದರ ಮೇಲೆ ‘ಹುಸಿ ಗುಳಿಗೆ’ಯೆಂದೂ ಕೆಲವುದರ ಮೇಲೆ ‘ಎರಡರಲ್ಲಿ ಯಾವುದಾದರೊಂದು’ ಎಂದೂ ಬರೆದು ಕೊಟ್ಟರು. ‘ಹುಸಿ’ ಎಂದು ಚೀಟಿಯಿದ್ದ ನಿಜವಾದ ಔಷಧದ ಗುಣವೂ, ‘ಔಷಧ’ವೆಂದು ಚೀಟಿಯಿದ್ದ ಹುಸಿ ಗುಳಿಗೆಯ ಗುಣವೂ ಹೆಚ್ಚುಕಡಮೆ ಒಂದೇ ಆಗಿದ್ದುವು. ಹುಸಿಯೆಂದು ತಿಳಿದೇ ನುಂಗಿದ ಹುಸಿ ಗುಳಿಗೆಯೂ ಏನನ್ನೂ ತೆಗೆದುಕೊಳ್ಳದಿರುವುದಕ್ಕಿಂತ ಮೇಲಾಯಿತು. ನಿಜವಾದ ಔಷಧವನ್ನು ಔಷಧವೆಂದೇ ಹೇಳಿ ಕೊಟ್ಟಾಗ ಮಾತ್ರ ಫಲ ಎಲ್ಲಕ್ಕಿಂತ ಹೆಚ್ಚಾಗಿತ್ತು. ಆರೈಕೆಯಿಂದ ಹುಟ್ಟುವ ನಿರೀಕ್ಷೆಗೂ ನೋವನ್ನು ಇಳಿಸುವ ಶಕ್ತಿಯಿದೆ. ಆದರೆ ಔಷಧದ ಜೊತೆಗೂಡಿದಾಗಲೇ ಅದರ ಪೂರ್ಣ ಬಲ.

ನಾಲ್ಕನೆಯದು ವಿಶ್ರಾಂತಿ. ಅರ್ಧ ಗಂಟೆ ಕಾಲೊತ್ತಿಸಿಕೊಳ್ಳಬೇಕಾದರೆ ಅರ್ಧ ಗಂಟೆ ಮಲಗಿರಲೇ ಬೇಕು. ನಿದ್ದೆಯು ಅರೆತಲೆನೋವಿನ ಸರದಿಯನ್ನು ಅನೇಕರಲ್ಲಿ ಮುಗಿಸಿಬಿಡುತ್ತದೆ. ದೇಹವನ್ನೂ ಮನಸ್ಸನ್ನೂ ಸಡಿಲಿಸುವ ಸಾಧನಗಳು ಔಷಧದೊಂದಿಗೆ ಸೇರಿದರೆ ಒಳ್ಳೆಯದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಆಧಾರವಿದೆ. ನಿಮ್ಹಾನ್ಸಿನಲ್ಲಿ 60 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿಯೂ, ದೆಹಲಿಯ ಅಖಿಲ ಭಾರತ ವೈದ್ಯಕೀಯ ಸಂಸ್ಥೆಯಲ್ಲಿ 114 ಮಂದಿ ಪೂರ್ಣಗೊಳಿಸಿದ, 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿಯೂ, ಬರಿಯ ಔಷಧ ಪಡೆದವರಿಗಿಂತ ಔಷಧದ ಜೊತೆಗೆ ಯೋಗವನ್ನೂ ಮಾಡಿದವರಿಗೆ ತಲೆನೋವಿನ ಸರದಿಗಳು ಹೆಚ್ಚು ತಗ್ಗಿದುವು.

ಜೊತೆಗಾರ, ಬದಲಿಯಲ್ಲ

‘ಪೂರಕ’ವೆಂಬ ಮಾತಿನ ಅರ್ಥವನ್ನು ಇಲ್ಲಿ ಗಟ್ಟಿಯಾಗಿ ಹಿಡಿಯಬೇಕು. ಪೂರಕವೆಂದರೆ ಜೊತೆಗೆ ನಡೆಯುವುದು. ಇನ್ನೊಂದನ್ನು ತಳ್ಳಿ ಅದರ ಸ್ಥಾನದಲ್ಲಿ ಕುಳಿತುಕೊಳ್ಳುವುದಲ್ಲ. ಅರೆತಲೆನೋವಿಗೆ ಒಳ್ಳೆಯ ಔಷಧಗಳಿವೆ. ನೋವು ಮೊದಲಾದ ಕೂಡಲೇ ತೆಗೆದುಕೊಳ್ಳುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ನ್ಯಾಪ್ರೊಕ್ಸೆನ್‌ಗಳುಂಟು. ಅವುಗಳಿಂದಾಗದಿದ್ದರೆ ಟ್ರಿಪ್ಟಾನ್ ಜಾತಿಯವು ಉಂಟು. ಹೃದಯದ ಕಾಯಿಲೆಯಿರುವವರಿಗೆ ಅವು ಸಲ್ಲವು. ತಿಂಗಳಿಗೆ ಹಲವು ಸಲ ನೋವು ಬರುವವರಿಗೆ ಅದನ್ನು ಮೊದಲೇ ತಡೆಯುವ, ದಿನವೂ ತೆಗೆದುಕೊಳ್ಳಬೇಕಾದ ಔಷಧಗಳಿವೆ. ಸಿ.ಜಿ.ಆರ್.ಪಿ.ಯನ್ನೇ ಗುರಿಯಾಗಿಟ್ಟುಕೊಂಡ ಚುಚ್ಚುಮದ್ದುಗಳೂ 2018ರಿಂದ ಬಳಕೆಗೆ ಬಂದಿವೆ. ಯಾರಿಗೆ ಯಾವುದು ಎಂಬುದನ್ನು ವೈದ್ಯರೇ ಹೇಳಬೇಕು. ಗರ್ಭಿಣಿಯರೂ ಬಾಣಂತಿಯರೂ ತಾವಾಗಿ ಯಾವುದನ್ನೂ ನುಂಗಬಾರದು.

ಇಲ್ಲಿ ಇನ್ನೊಂದು ಅಪಾಯವನ್ನೂ ಹೇಳಬೇಕು. ಅಂಗಡಿಯಲ್ಲಿ ಬಿಡಿಯಾಗಿ ಸಿಕ್ಕುವ ನೋವಿನ ಗುಳಿಗೆಯನ್ನು ನುಂಗಿ ಕೆಲಸಕ್ಕೆ ಹೋಗುವವರು ಬಹಳ. ಸಾಧಾರಣ ಗುಳಿಗೆಗಳನ್ನು ತಿಂಗಳಿಗೆ 15 ದಿನಗಳು, ಟ್ರಿಪ್ಟಾನ್ ಅಥವಾ ಮಿಶ್ರ ಗುಳಿಗೆಗಳನ್ನು 10 ದಿನಗಳು, ಹೀಗೆ ಮೂರು ತಿಂಗಳಿಗೂ ಮೀರಿ ತೆಗೆದುಕೊಂಡರೆ ಗುಳಿಗೆಯೇ ತಲೆನೋವನ್ನು ಹುಟ್ಟಿಸತೊಡಗುತ್ತದೆ. ಕಾಫಿಯ ನಾಡಿನಲ್ಲಿ ಮರೆಯಬಾರದ ಮಾತು ಇನ್ನೊಂದು: ಕಾಫಿಯಲ್ಲಿರುವ ಕೆಫೀನು ನೋವಿನ ಗುಳಿಗೆಗೆ ಬಲಕೊಡುವುದು ನಿಜ, ದಿನವೂ ಮೂರು ನಾಲ್ಕು ಲೋಟ ಕುಡಿದು ಒಂದು ದಿನ ಬಿಟ್ಟರೆ ಅದೇ ತಲೆನೋವನ್ನು ತರುವುದೂ ನಿಜ.

ಕೆಲವು ತಲೆನೋವುಗಳಲ್ಲಿ ಕಾಲೊತ್ತುತ್ತ ಕೂರುವುದು ಪ್ರಾಣಕ್ಕೇ ಕೇಡು. ಸಿಡಿಲೆರಗಿದಂತೆ ಕ್ಷಣಮಾತ್ರದಲ್ಲಿ ಮೇಲೆದ್ದ ನೋವು. ಜ್ವರದೊಡನೆ ಕತ್ತು ಬಗ್ಗದಂತಾಗುವುದು. ಕೈಕಾಲಿನ ಬಲ ಕುಂದುವುದು, ಮಾತು ತೊದಲುವುದು. ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು. ಐವತ್ತು ದಾಟಿದ ಮೇಲೆ ಮೊದಲಬಾರಿಗೆ ಬಂದ ನೋವು. ಬಸುರಿನಲ್ಲಿಯೋ ಬಾಣಂತನದಲ್ಲಿಯೋ ಹೊಸದಾಗಿ ಬಂದ ಕಠಿನವಾದ ನೋವು: ಇವುಗಳಲ್ಲಿ ಯಾವುದೊಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸೋಮವಾರಪೇಟೆಯಿಂದ ಸುಮಾರು 40 ಕಿಲೋಮೀಟರ್ ದೂರದ ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೇ ಇದೆ. ಮುನ್ಸೂಚನೆಯ ಮಿಂಚುಗೆರೆಗಳನ್ನು ಕಾಣುವ ಹೆಂಗಸರು ಗರ್ಭನಿರೋಧಕ ಗುಳಿಗೆಯನ್ನು ಕೇಳುವಾಗ ಆ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಈಸ್ಟ್ರೊಜೆನ್ ಇರುವ ಗುಳಿಗೆಗಳಿಂದ ಇಂಥವರಲ್ಲಿ ಪಾರ್ಶ್ವವಾಯುವಿನ ಭಯ ಹೆಚ್ಚುತ್ತದೆ.

ಮನೆಯಲ್ಲಿ ಮಾಡುವ ಬಗೆ

ಇಷ್ಟನ್ನು ತಿಳಿದುಕೊಂಡ ಮೇಲೆ, ಪಾದವನ್ನು ಒತ್ತಿಸಿಕೊಳ್ಳಲು ಅಡ್ಡಿಯೇನೂ ಇಲ್ಲ. ನಕ್ಷೆಯೂ ಬೇಡ, ಹೆಚ್ಚಿನ ಹಣವೂ ಬೇಡ. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕಾಲಿಟ್ಟು ಒರೆಸಿ, ವಾಸನೆ ಕಟುವಾಗಿರದ ಯಾವುದಾದರೂ ಎಣ್ಣೆಯನ್ನು ಸವರಬೇಕು. ಹಿಮ್ಮಡಿಯಿಂದ ಬೆರಳುಗಳ ಕಡೆಗೆ ಹೆಬ್ಬೆರಳಿನಿಂದ ನಿಧಾನವಾಗಿ ನೀವಬೇಕು; ಒಂದೊಂದು ಕಾಲಿಗೆ ಹತ್ತು ಹದಿನೈದು ನಿಮಿಷ ಸಾಕು. ಒತ್ತಿದ್ದು ಹಿತವಾಗಿರಬೇಕೇ ಹೊರತು, ‘ನೋವಾದಷ್ಟೂ ಗುಣ’ವೆಂಬುದು ತಪ್ಪು ತಿಳಿವಳಿಕೆ. ನೋವಿನ ಹೊತ್ತಿನಲ್ಲಿ ಯಾರೂ ಮುಟ್ಟುವುದು ಬೇಡವೆನಿಸಿದರೆ ಬಿಟ್ಟುಬಿಡಬೇಕು. ಸಕ್ಕರೆ ಕಾಯಿಲೆಯಿಂದ ಪಾದದಲ್ಲಿ ಸ್ಪರ್ಶ ಕುಂದಿದವರಿಗೆ ಬಿಸಿನೀರೂ ಬಲವಾದ ಒತ್ತಡವೂ ಅಪಾಯ. ಗಾಯ, ಮೂಳೆಮುರಿತ ಇದ್ದರೆ, ಅಥವಾ ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುತ್ತಿದ್ದರೆ ತಿಕ್ಕಲೇಬಾರದು. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಗರ್ಭಿಣಿಯರು ವೈದ್ಯರನ್ನು ಕೇಳಿ ಮಾಡಿಸಿಕೊಳ್ಳುವುದು ಲೇಸು.

ಫಲವಾಯಿತೋ ಇಲ್ಲವೋ ಎಂಬುದನ್ನು ಅವರವರೇ ಅಳೆಯಬಹುದು. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿಯೇ ತಲೆನೋವು ಬಂದ ದಿನ, ಮುಟ್ಟಿನ ದಿನ, ಗುಳಿಗೆ ನುಂಗಿದ ದಿನ, ಕಾಲೊತ್ತಿಸಿಕೊಂಡ ದಿನಗಳಿಗೆ ಒಂದೊಂದು ಗುರುತು ಹಾಕುತ್ತ ಹೋಗಲಿ. ಮೂರು ತಿಂಗಳ ಪುಟಗಳು ವೈದ್ಯರ ಕೈಗೆ ಸಿಕ್ಕಿದರೆ, ಅರ್ಧ ಗಂಟೆಯ ಮಾತಿನಲ್ಲಿ ತಿಳಿಯದುದು ಅವರಿಗೆ ಒಂದು ನೋಟದಲ್ಲಿ ತಿಳಿಯುತ್ತದೆ.

ಕೊನೆಯದಾಗಿ ಒಂದು ಮಾತು. ನಮ್ಮ ಮನೆಗಳಲ್ಲಿ ಕಾಲೊತ್ತುವುದು ಹೊಸತಲ್ಲ. ಅತ್ತೆಮಾವಂದಿರ ಕಾಲು, ಗಂಡನ ಕಾಲು, ಆಡಿ ದಣಿದು ಬಂದ ಮಕ್ಕಳ ಕಾಲು, ಇವನ್ನೆಲ್ಲ ಒತ್ತಿದ ಕೈ ಮನೆಯ ಹೆಂಗಸಿನದು. ಅವಳ ಕಾಲನ್ನು ಒತ್ತುವವರು ಯಾರು? ಅಜ್ಜಿಯಿದ್ದರೆ ಅಜ್ಜಿ, ಇಲ್ಲವಾದರೆ ಯಾರೂ ಇಲ್ಲ. ಪಾದದ ಚಿಕಿತ್ಸೆಯಲ್ಲಿ ಗುಣವೇನಾದರೂ ಇದ್ದರೆ ಅದು ಹೆಬ್ಬೆರಳಿನ ಬಿಂದುವಿನಲ್ಲಿ ಇಲ್ಲ. ಮನೆಯವರೆಲ್ಲರೂ ಅರ್ಧ ಗಂಟೆ ಸದ್ದಡಗಿಸಿ, ಅವಳ ನೋವನ್ನು ನೋವೆಂದು ಒಪ್ಪಿ, ಅವಳನ್ನು ಮಲಗಗೊಟ್ಟು, ಗುಳಿಗೆಯನ್ನೂ ನೀರನ್ನೂ ಹತ್ತಿರಕ್ಕೆ ತಂದಿಟ್ಟು, ಕಾಲ ಬಳಿ ಕುಳಿತುಕೊಳ್ಳುವುದರಲ್ಲಿ ಇದೆ. ಇಷ್ಟನ್ನು ಮಾಡಲು ಯಾವ ನಕ್ಷೆಯೂ ಬೇಕಾಗಿಲ್ಲ.